ಕಂಪ್ಯೂಟರಿಗೂ ಒಂದು ಚಾಕಿ ಮನೆ

ಮೊಟ್ಟೆ ಒಡೆದ ದಿನವೇ ರೇಷ್ಮೆಹುಳವನ್ನು ಮನೆಗೆ ತಂದು ಸಾಕುವುದು ಕನಕಪುರ ಸೀಮೆಯಲ್ಲಿ ಈಗ ಕಡಿಮೆ. ಎಳೆಹುಳ ಬಲು ನಾಜೂಕು. ಅದಕ್ಕೆ 27ರಿಂದ 28 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ಶೇ. 85–90ರಷ್ಟು ತೇವ ಬೇಕು, ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಅದಕ್ಕೆಂದೇ ಚಾಕಿ ಕೇಂದ್ರಗಳಿವೆ. ಹುಳಕ್ಕೆ ಒಟ್ಟು ನಾಲ್ಕು ಜ್ವರ. ಜ್ವರವೆಂದರೆ ಕಾಯಿಲೆಯಲ್ಲ, ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಎರಡನೇ ಜ್ವರದವರೆಗೆ ಚಾಕಿ ಮನೆಯಲ್ಲಿ ಬೆಳೆದ ಹುಳ ಆಮೇಲೆ ರೈತರ ಮನೆ ಸೇರುತ್ತದೆ.

ಅದೇ ಸೀಮೆಯ ಕಾಲೇಜೊಂದರ ಲ್ಯಾಬಿನಲ್ಲಿ 30 ಕಂಪ್ಯೂಟರುಗಳಿವೆ ಎಂದುಕೊಳ್ಳಿ. ಎಲ್ಲಕ್ಕೂ ಲಿನಕ್ಸ್ ಹಾಕಬೇಕು. ಪೆನ್‌ಡ್ರೈವ್ ಹಿಡಿದು ಒಂದೊಂದರ ಮುಂದೆಯೂ ಕೂತು, ಭಾಷೆ ಯಾವುದು, ಪಾಸ್‌ವರ್ಡ್ ಏನು ಎಂಬ ಅದೇ ಪ್ರಶ್ನೆಗಳಿಗೆ 30 ಸಲ ಉತ್ತರ ಕೊಡುವುದು ಒಂದು ದಾರಿ. ಚಾಕಿ ಮನೆಯಂತೆ ಸರ್ವರಿನಲ್ಲಿ ಒಂದೇ ಸಲ ಎಲ್ಲ ಅಣಿಮಾಡಿ ಹಂಚುವುದು ಇನ್ನೊಂದು. ಹಂಚುವ ಕೆಲಸ ಹಳೆಯದೇ. ಹಾರ್ಡ್‌ಡಿಸ್ಕ್ ಖಾಲಿಯಿದ್ದರೂ ನೆಟ್‌ವರ್ಕ್ ಕಾರ್ಡ್ ಸರ್ವರನ್ನು ಕೇಳಿ ಬೂಟ್ ಕಡತಗಳನ್ನು ತರಿಸಿಕೊಳ್ಳುತ್ತದೆ. ಪಿಎಕ್ಸ್‌ಇ ಎಂಬ ಈ ಏರ್ಪಾಡನ್ನು ಇಂಟೆಲ್ 1990ರ ದಶಕದ ಕೊನೆಯಲ್ಲಿ ರೂಪಿಸಿತು. ತೊಡಕಿರುವುದು ಅಣಿಮಾಡುವುದರಲ್ಲಿ.

ಹೊಸ ವ್ಯವಸ್ಥೆಯ ಕಡತಗಳನ್ನೆಲ್ಲ ಸರ್ವರಿನ ಒಂದು ಫೋಲ್ಡರಿನಲ್ಲಿ ಬಿಚ್ಚಿಟ್ಟದ್ದಾಯಿತು. ಕನ್ನಡ ಫಾಂಟ್ ಹಾಕಬೇಕು, ಬಳಕೆದಾರರ ಖಾತೆ ತೆರೆಯಬೇಕು, ಡೇಟಾಬೇಸಿನಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಕೋಷ್ಟಕಗಳನ್ನು ಕಟ್ಟಬೇಕು. ಇದಕ್ಕೆ ಹಳೆಯ ಉಪಾಯ ಸಿಎಚ್‌ರೂಟ್. 1979ರ ಯುನಿಕ್ಸ್ 7ನೇ ಆವೃತ್ತಿಯಿಂದ ಬಂದದ್ದು. ಆ ಫೋಲ್ಡರೇ ನಿನ್ನ ಇಡೀ ಲೋಕ ಎಂದು ಪ್ರೋಗ್ರಾಮನ್ನು ನಂಬಿಸುವ ಆಟ. ಫಾಂಟ್ ಹಾಕಲು ಇಷ್ಟು ಸಾಕು. ಡೇಟಾಬೇಸಿಗೆ ಸಾಲದು, ಕೋಷ್ಟಕ ಕಟ್ಟಲು ಅದರ ಸೇವೆ ಎದ್ದಿರಬೇಕು. ಅಲ್ಲಿ ಮನೆಯಿದೆ, ಯಜಮಾನನಿಲ್ಲ. ಲಿನಕ್ಸಿನಲ್ಲಿ ಉಳಿದೆಲ್ಲ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವುದು 1ನೇ ನಂಬರಿನ ಪ್ರೊಸೆಸ್. ಸಿಎಚ್‌ರೂಟ್‌ನೊಳಗೆ ಅದು ಎದ್ದಿರುವುದೇ ಇಲ್ಲ.

ಕಂಟೈನರ್ ನೆರವಾಗುವುದು ಇಲ್ಲಿ. 2008ರ ಲಿನಕ್ಸ್ 2.6.24 ಕರ್ನಲ್‌ನಿಂದೀಚೆಗೆ ಒಂದೇ ಯಂತ್ರದೊಳಗೆ ಪ್ರೊಸೆಸ್‌ಗಳ ಬೇರೆ ಬೇರೆ ಎಣಿಕೆ ನಡೆಸಬಹುದು. ಸಿಸ್ಟಮ್‌ಡಿ-ಎನ್‌ಸ್ಪಾನ್ ಎಂಬ ಸಾಧನ ಇದನ್ನೇ ಬಳಸಿ ಆ ಫೋಲ್ಡರಿನ ಯಜಮಾನನನ್ನು ಎಬ್ಬಿಸುತ್ತದೆ. ಅವನ ಲೆಕ್ಕದಲ್ಲಿ ಅವನು 1ನೇ ನಂಬರು. ಹೊರಗಿನ ಸರ್ವರಿನ ಲೆಕ್ಕದಲ್ಲಿ ಹತ್ತರಲ್ಲಿ ಹನ್ನೊಂದು. ಕರ್ನಲ್ ಮಾತ್ರ ಸರ್ವರಿನದೇ. ಆದ್ದರಿಂದ ಈ ಬೂಟ್ ಬೇಗ ಮುಗಿಯುತ್ತದೆ. ಇದು ಗೆದ್ದಿತೆಂದರೆ ಲ್ಯಾಬಿನ ಯಂತ್ರದಲ್ಲಿ ಬೂಟ್‌ಲೋಡರ್, ವೈಫೈ ಡ್ರೈವರ್ ಸರಿಯಿದೆ ಎಂದೇನೂ ಅಲ್ಲ. ಅವುಗಳ ಪರೀಕ್ಷೆ ಇಲ್ಲಿ ನಡೆದೇ ಇಲ್ಲ.

ಎಬ್ಬಿಸುವಾಗ ಏನು ಏಳಬಾರದು ಎಂಬುದನ್ನೂ ಹೇಳಿಡಬೇಕು. ಕಂಟೈನರ್ ಸರ್ವರಿನ ನೆಟ್‌ವರ್ಕನ್ನೇ ಹಂಚಿಕೊಂಡಿದ್ದರೆ, ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸೇವೆ ಒಳಗೂ ಎದ್ದು 22ನೇ ಪೋರ್ಟ್ ಕೇಳುತ್ತದೆ. ಅಲ್ಲಿ ಸರ್ವರಿನದು ಆಗಲೇ ಕೂತಿರುತ್ತದೆ. ತಾನಾಗಿ ನಡೆಯುವ ಅಪ್‌ಡೇಟ್ ಎದ್ದುಬಿಟ್ಟರೆ ಪ್ಯಾಕೇಜುಗಳ ಬೀಗ ಅದರ ಕೈಗೆ ಹೋಗಿ ನಮ್ಮ ಕೆಲಸ ನಿಲ್ಲುತ್ತದೆ. ಡೆಬಿಯನ್ ಲಿನಕ್ಸಿನಲ್ಲಿ ಪ್ಯಾಕೇಜ್ ಹಾಕುವಾಗ ಪಾಲಿಸಿ-ಆರ್‌ಸಿ.ಡಿ ಎಂಬ ಪುಟ್ಟ ಸ್ಕ್ರಿಪ್ಟ್ 101 ಎಂಬ ಸಂಖ್ಯೆ ಹಿಂತಿರುಗಿಸಿದರೆ ‘ಈ ಸೇವೆ ಶುರುಮಾಡಬೇಡ’ ಎಂದರ್ಥ.

ಪೂರ್ತಿ ಎದ್ದಾಯಿತೇ ಎಂದು ತಿಳಿಯುವುದು ಇನ್ನೊಂದು ಕಷ್ಟ. ‘ಹತ್ತು ಸೆಕೆಂಡ್ ಕಾಯಿ’ ಎಂದು ಬರೆದುಬಿಡುವುದು ಸೋಮಾರಿತನ. ಸರ್ವರಿಗೆ ಕೆಲಸ ಹೆಚ್ಚಿದ್ದ ದಿನ ಹತ್ತು ಸಾಲದು, ಬಿಡುವಿದ್ದ ದಿನ ಎರಡೇ ಸಾಕು. ಒಳಗಿನ ಯಜಮಾನನಾದ ಸಿಸ್ಟಮ್‌ಡಿಯನ್ನೇ ಕೇಳಬೇಕು. ಎಲ್ಲ ಸರಿಯಿದ್ದರೆ ‘ರನ್ನಿಂಗ್’, ಯಾವುದೋ ಸೇವೆ ಬಿದ್ದಿದ್ದರೆ ‘ಡಿಗ್ರೇಡೆಡ್’ ಎನ್ನುತ್ತದೆ. ಎರಡನೆಯದು ಬಂದ ಕೂಡಲೇ ಗಾಬರಿ ಬೇಡ. ಕಂಟೈನರಿನಲ್ಲಿ ನಿಜವಾದ ಹಾರ್ಡ್‌ವೇರ್ ಇಲ್ಲದ್ದಕ್ಕೇ ಕೆಲವು ಬಿದ್ದಿರಬಹುದು. ಬಿದ್ದದ್ದು ಯಾವುದು, ಅದು ನಮಗೆ ಬೇಕಾದದ್ದೇ ಎಂದು ಸ್ಕ್ರಿಪ್ಟ್ ನೋಡಬೇಕು. ಎಷ್ಟು ಹೊತ್ತಾದರೂ ಉತ್ತರ ಬಾರದಿದ್ದರೆ ಕೈಬಿಡಲು ಒಂದು ಗಡುವೂ ಇರಬೇಕು.

ಮಲಗಿಸುವುದಕ್ಕೂ ಕ್ರಮವಿದೆ. ಡೇಟಾಬೇಸ್ ಬರೆಯುತ್ತಿರುವಾಗಲೇ ಕಂಟೈನರಿನ ಕತ್ತು ಹಿಸುಕಿದರೆ ಅರ್ಧ ಬರೆದ ಕಡತವೇ 30 ಯಂತ್ರಗಳಿಗೂ ಹಂಚಿಹೋಗುತ್ತದೆ. ಶಟ್‌ಡೌನ್ ಹೇಳಿ, ಅದು ಮುಗಿಯುವವರೆಗೆ ಕಾದು, ಆಮೇಲಷ್ಟೇ ನಕಲಿಗೆ ಕೈಹಾಕಬೇಕು.

ಚಾಕಿ ಮನೆಗೂ ಇದಕ್ಕೂ ದಾರಿ ಬೇರೆಯಾಗುವುದು ಇದಾದ ಮೇಲೆ. ಚಾಕಿಯಿಂದ ಹೊರಟ ಹುಳಗಳು ಒಂದೊಂದೂ ಬೇರೆ ಬೇರೆ ಜೀವ. ಇಲ್ಲಿ ಹೊರಡುವುದು ಒಂದರ ತದ್ರೂಪುಗಳು. ಒಮ್ಮೆ ಎದ್ದ ಲಿನಕ್ಸ್ ಮೆಷಿನ್-ಐಡಿ ಎಂಬ 32 ಅಂಕಿ–ಅಕ್ಷರಗಳ ಗುರುತನ್ನು ಬರೆದಿಟ್ಟುಕೊಳ್ಳುತ್ತದೆ. ಅದೂ ನಕಲಾದರೆ 30 ಯಂತ್ರಗಳೂ ಒಂದೇ ಹೆಸರು ಹೇಳಿಕೊಂಡು ನೆಟ್‌ವರ್ಕ್ ವಿಳಾಸ ಕೇಳುತ್ತವೆ, ಎರಡಕ್ಕೆ ಒಂದೇ ವಿಳಾಸ ಸಿಕ್ಕಿ ಸಂಪರ್ಕ ಬಂದು ಹೋಗಿ ಮಾಡಬಹುದು. ಎಸ್‌ಎಸ್‌ಎಚ್ ಕೀಲಿಗಳೂ ನಕಲಾದರೆ ಒಂದು ಯಂತ್ರದ ಬೀಗದಕೈ ಕದ್ದವನಿಗೆ ಉಳಿದವುಗಳ ವೇಷ ಹಾಕುವುದು ಸುಲಭ. ಆದ್ದರಿಂದ ಹಂಚುವ ಮೊದಲು ಗುರುತು, ಕೀಲಿ, ಲಾಗ್ ಎಲ್ಲವನ್ನೂ ಅಳಿಸಬೇಕು. ಹೊಸ ಕೀಲಿ ಆಯಾ ಯಂತ್ರದಲ್ಲೇ ಹುಟ್ಟುವಂತೆ ಮಾಡಬೇಕು.

ಗುರುತಿನ ಕಡತ ಇಲ್ಲದಿದ್ದರೆ ಸಿಸ್ಟಮ್‌ಡಿ ಲ್ಯಾಬಿನ ಯಂತ್ರ ಎದ್ದದ್ದನ್ನು ಮೊದಲ ಬೂಟ್ ಎಂದೇ ಎಣಿಸುತ್ತದೆ. ಫಾಂಟ್, ಖಾತೆ, ಕೋಷ್ಟಕ ಎಲ್ಲ ಇದ್ದೂ, ತಾನು ಸರ್ವರಿನ ಮೂಲೆಯಲ್ಲೊಮ್ಮೆ ಎದ್ದು ಮಲಗಿದ್ದು ಮಾತ್ರ ಅದಕ್ಕೆ ನೆನಪಿರುವುದಿಲ್ಲ.