ಪುಷ್ಯರಥದ ಪರೀಕ್ಷೆ

ಯುದ್ಧಕ್ಕೆ ಉಪಯೋಗವಾಗದೆ ಕೇವಲ ವಿಹಾರಕ್ಕೂ ಉತ್ಸವಕ್ಕೂ ಹೂಡತಕ್ಕ ರಥಕ್ಕೆ ನಮ್ಮ ಪೂರ್ವಿಕರು 'ಪುಷ್ಯರಥ'ವೆಂದು ಹೆಸರಿಟ್ಟಿದ್ದರು. ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಈ ಪದವನ್ನು ಹೇಳಿರುವನು. ಬಾಲ್ಯದಲ್ಲಿ ಕೋಶವನ್ನು ಬಾಯಿಪಾಠ ಮಾಡುವಾಗ ಅದು ನಾಲಗೆಯ ಮೇಲೆ ಬಂದು ಹೋದದ್ದೇ ಹೊರತು, ಅದರ ಅರ್ಥವು ಮನಸ್ಸಿಗೆ ಹಿಡಿದದ್ದು ನನ್ನ ಅರುವತ್ತನೆಯ ವರ್ಷದಲ್ಲಿ. ಬೀದರ ನಗರದ ಒಂದು ಅಂಗಳದಲ್ಲಿ ಒಬ್ಬ ಗೃಹಸ್ಥನು ತಾಡಪತ್ರಿಯನ್ನು ಸರಿಸಿ, ಮೊಳಕಾಲೆತ್ತರದಲ್ಲಿ ಮಲಗಿದಂತಿದ್ದ ಒಂದು ಕೆಂಪು ಮೋಟಾರುಗಾಡಿಯನ್ನು ನನಗೆ ತೋರಿಸಿದಾಗ.

ಗಾಡಿಯು ಬೇಕಾಗಿದ್ದುದು ನನಗಲ್ಲ, ನನ್ನ ತಮ್ಮನ ಮಗನಿಗೆ. ತಮ್ಮನು ಈಗಿಲ್ಲ. ಈ ಚಿರಂಜೀವಿಯು ಹೈದರಾಬಾದಿನಲ್ಲಿ ಉದ್ಯೋಗದಲ್ಲಿದ್ದು, ಶನಿವಾರ ರವಿವಾರಗಳಲ್ಲಿ ಭಾಲ್ಕಿಯಲ್ಲಿರುವ ತಾಯಿಯನ್ನು ನೋಡಲು ಹೆಂಡತಿ ಮಗಳೊಡನೆ ಬರುವನು. ನಿತ್ಯದ ಉಪಯೋಗಕ್ಕೆ ಅವನಿಗೊಂದು ಸಾಧಾರಣ ಕಾರು ಇದ್ದೇ ಇದೆ. ಇನ್ನೊಂದು ಏತಕ್ಕೆಂದು ನಾನು ಕೇಳಿದಾಗ, "ದೊಡ್ಡಪ್ಪಾ, ವಾರದಾಗ ಐದು ದಿನ ಆ ಡಬ್ಬಿಯೊಳಗ ಕೂತು ಬೇಯ್ತೀನಿ. ಎರಡು ದಿನಾನರ ಗಾಳಿ ತಗೋಬೇಕು," ಎಂದನು. ಮಾತು ಸಹಜವಾಗಿಯೇ ಇದ್ದಿತು. ಆದರೆ ಅದಕ್ಕಾಗಿ ತೆಗೆಯಬೇಕೆಂದಿದ್ದ ಎರಡೂವರೆ ಲಕ್ಷ ರೂಪಾಯಿಯು ಭಾಲ್ಕಿಯ ಹಳೆಯ ಮನೆಯ ಸೋರುವ ಮಾಳಿಗೆಯನ್ನು ತೆಗೆಯಿಸಿ ಹೊಸದು ಹಾಕಿಸಲೆಂದು ಕೂಡಿಟ್ಟುದಾಗಿತ್ತು. ಆದಕಾರಣ ನನ್ನ ತಮ್ಮನ ಹೆಂಡತಿಯು, "ಭಾವಾರೆ, ನೀವು ಒಂದ್ಸಲ ಸಂಗಡ ಹೋಗಿ ನೋಡ್ರಿ. ನಿಮ್ಮ ಮಾತು ಕೇಳ್ತಾನ," ಎಂದು ಫೋನಿನಲ್ಲಿ ಹೇಳಿದಳು. ಇದು 2025ರ ಡಿಸೆಂಬರಿನ ಮಾತು. ಎಳ್ಳಮವಾಸ್ಯೆಗೆ ಇನ್ನೂ ನಾಲ್ಕು ದಿನಗಳಿದ್ದವು.

ಆ ಗಾಡಿಯ ಹೆಸರು ಸ್ಯಾನ್ ಸ್ಟಾರ್ಮ್. ಅದು ಹೊರದೇಶದ್ದಲ್ಲ, 1990ರ ದಶಕದ ಕೊನೆಯಲ್ಲಿ ನಮ್ಮ ಬೆಂಗಳೂರಿನದೇ ಒಂದು ಸಂಸ್ಥೆಯು ಹೊರತಂದುದು. ಎರಡೇ ಆಸನ, ಮಡಿಸಿಡಬಹುದಾದ ಕ್ಯಾನ್ವಾಸಿನ ಮೇಲುಹೊದಿಕೆ, ತಗಡಿನ ಬದಲು ಫೈಬರಿನ ಮೈ, ಫ್ರೆಂಚರ ರೆನೋ ಕಂಪನಿಯ 1149 ಸಿ.ಸಿ.ಯ ಎಂಜಿನ್ನು. ಶಕ್ತಿಯು ಸುಮಾರು 60 ಅಶ್ವಗಳಷ್ಟು ಮಾತ್ರ. ಇಂದಿನ ಸಾಧಾರಣ ಕಾರುಗಳೇ ಅದನ್ನು ಮೀರಿಸುವವು. ಆದರೂ ಅದನ್ನು ಸ್ಪೋರ್ಟ್ಸ್ ಕಾರೆಂದು ಕರೆಯಲು ಕಾರಣವುಂಟು. ಈ ಜಾತಿಯ ಗಾಡಿಯ ಮರ್ಮವಿರುವುದು ಬಲದಲ್ಲಲ್ಲ, ಲಘುತ್ವದಲ್ಲಿ. ಎರಡನೆಯ ಮಹಾಯುದ್ಧವು ಮುಗಿದೊಡನೆ 1945ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಊರಿನಿಂದ ಹೊರಟ ಎಂ.ಜಿ. ಟಿ.ಸಿ. ಎಂಬ ಪ್ರಖ್ಯಾತ ಗಾಡಿಯ ಎಂಜಿನ್ನು ಕೂಡ 1250 ಸಿ.ಸಿ.ಯದೇ ಆಗಿತ್ತು. ಫೈಬರಿನ ಮೈಯೂ ಬೆಂಗಳೂರಿಗೆ ಹೊಸದಲ್ಲ. 1982ರಲ್ಲಿ ಸಿಪಾನಿಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಗಾಡಿಯ ಮಾದರಿಯಲ್ಲಿ ಡಾಲ್ಫಿನ್ ಎಂಬ ಫೈಬರಿನ ಪುಟ್ಟ ಕಾರನ್ನು ಹೊರಡಿಸಿದ್ದರು. ಅದು ಹಗುರಾಗಿದ್ದುದರಿಂದಲೇ ಆ ಕಾಲದ ರ‍್ಯಾಲಿಗಳಲ್ಲಿ ಹೆಸರು ಪಡೆಯಿತು.

ಈ ಬಡಕಲು ಕುದುರೆಯನ್ನು ನೋಡಿದಾಗ ನನಗೆ ವನಪರ್ವದ ನಳೋಪಾಖ್ಯಾನವು ನೆನಪಾಯಿತು. ಋತುಪರ್ಣನು ಒಂದೇ ದಿನದಲ್ಲಿ ವಿದರ್ಭಕ್ಕೆ ಹೋಗಬೇಕೆಂದಾಗ, ಬಾಹುಕನ ವೇಷದಲ್ಲಿದ್ದ ನಳನು ಲಾಯಕ್ಕೆ ಹೋಗಿ ಕೃಶವಾದ ಕುದುರೆಗಳನ್ನೇ ಆರಿಸಿ ತರುವನು. ರಾಜನು ಕೋಪಿಸಿಕೊಳ್ಳಲು, ಅವುಗಳ ಮೈಮೇಲಣ ಸುಳಿಗಳನ್ನು ಹೇಳಿ ಸಮಾಧಾನ ಮಾಡುವನು. ನಮ್ಮ ಬೀದರೇ ಆ ವಿದರ್ಭವೆಂದೂ, ದಮಯಂತಿಯ ತಂದೆಯಾದ ಭೀಮನು ಇಲ್ಲಿಯೇ ಆಳಿದನೆಂದೂ ಒಂದು ಪ್ರತೀತಿಯಿದೆ. ಪಾರಸಿಯಲ್ಲಿ ಚರಿತ್ರೆ ಬರೆದ ಫಿರಿಷ್ತಾನೂ ಅದನ್ನು ಎತ್ತಿ ಹೇಳಿರುವನು. ಚರಿತ್ರಕಾರರು ವಿದರ್ಭವನ್ನು ವರಾಡದಲ್ಲಿ ಗುರುತಿಸುವುದರಿಂದ ಇದು ನಿಲ್ಲುವ ಮಾತಲ್ಲ. ಆದರೆ ಸುಳಿ ನೋಡುವ ವಿದ್ಯೆ ಮಾತ್ರ ನಮ್ಮಲ್ಲಿ ಇನ್ನೂ ಉಳಿದಿದೆ. ದೇವಣಿ ಎತ್ತುಗಳನ್ನು ಕೊಳ್ಳುವ ನಮ್ಮ ಒಕ್ಕಲಿಗನು ಹಲ್ಲು, ಗೊರಸು, ಸುಳಿ ಎಲ್ಲವನ್ನೂ ನೋಡಿ, ನಡೆಯಿಸಿ, ಹೊರೆ ಎಳೆಯಿಸಿ ಆಮೇಲಲ್ಲವೇ ಟವೆಲಿನೊಳಗೆ ಕೈಯಿಟ್ಟು ಬೆರಳು ಹಿಡಿಯುವುದು? ಮೋಟಾರಿಗೂ ಹಲ್ಲುಂಟು, ಸುಳಿಯುಂಟು.

ಮೊದಲ ದಿನ ನಾವು ಹೋದಾಗ ಎಂಜಿನ್ನು ಒಂದೇ ಸಲಕ್ಕೆ ಚಾಲೂ ಆಯಿತು. ಚಿರಂಜೀವಿಯು ಹಿಗ್ಗಿದನು. ನಾನು ಅದಕ್ಕೆ ಮೊದಲೇ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದ್ದೆನು, ಅದು ಬೆಚ್ಚಗಿದ್ದಿತು. ನಾವು ಬರುವ ಮುಂಚೆಯೇ ಗಾಡಿಯನ್ನು ಓಡಿಸಿ ಇಟ್ಟಿದ್ದರು. ಬಿಸಿಯಾದ ಎಂಜಿನ್ನು ತನ್ನ ರೋಗವನ್ನು ಮುಚ್ಚಿಡುವುದು. ಇಡೀ ರಾತ್ರಿ ತಣ್ಣಗೆ ನಿಂತದ್ದು ಮಾತ್ರ ನಿಜವನ್ನು ಹೇಳುವುದು. ಮರುದಿನ ಬೆಳಿಗ್ಗೆ ನಾವೇ ಮೊದಲು ಚಾಲೂ ಮಾಡುವೆವೆಂದು ಹೇಳಿ ಹಿಂದಿರುಗಿದೆವು. ಮಾಲೀಕನಿಗೆ ಇದು ಅಷ್ಟಾಗಿ ಸೇರಲಿಲ್ಲ. "ಗಾಡಿ ಬಿಲ್ಕುಲ್ ಛಲೋ ಅದ ರೀ ಮಾಸ್ತರ್," ಎಂದು ಎರಡು ಸಲ ಹೇಳಿದನು.

ಮರುದಿನದ ಪರೀಕ್ಷೆಯಲ್ಲಿ ಎಂಜಿನ್ನು ತೇರ್ಗಡೆಯಾಯಿತು. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿರುವುದೆಂದೂ, ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿರುವುದೆಂದೂ, ಎಂಜಿನ್ನು ಕಾದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಇಳಿಯುತ್ತಿರುವುದೆಂದೂ ತಿಳಿಯತಕ್ಕದ್ದು. ಇಲ್ಲಿ ಯಾವುದೂ ಇರಲಿಲ್ಲ. ಎಣ್ಣೆಯ ಮುಚ್ಚಳದ ಒಳಬದಿಯಲ್ಲಿ ಕೆನೆಯಂಥ ಅಂಟೂ ಇರಲಿಲ್ಲ. ಓಡಿದ್ದು 38,000 ಕಿಲೋಮೀಟರು ಮಾತ್ರವೆಂದು ಮೀಟರು ತೋರಿಸುತ್ತಿತ್ತು. ಆದರೆ ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಿದಿರೆಂದು ಕೇಳಲು, "ಗಾಡಿ ಓಡೇ ಇಲ್ಲಲ್ರಿ!" ಎಂಬ ಉತ್ತರ ಬಂದಿತು. ವಾರಕ್ಕೊಮ್ಮೆ ಹೊರಡುವ ಗಾಡಿಗಳ ವಿಷಯದಲ್ಲಿ ಜನರು ಮಾಡುವ ತಪ್ಪೇ ಇದು. ಓಡುವುದರಿಂದ ಸವೆಯುವಂತೆ ನಿಲ್ಲುವುದರಿಂದಲೂ ಗಾಡಿಯು ಸವೆಯುವುದು. ರಬ್ಬರಿನ ಬೆಲ್ಟು ವಯಸ್ಸಿನಿಂದಲೇ ಬಿರಿಯುವುದು; ಬ್ಯಾಟರಿಯು ಬರಿದಾಗುವುದು; ಬ್ರೇಕಿನ ತಟ್ಟೆಗಳಿಗೆ ತುಕ್ಕು ಹಿಡಿಯುವುದು; ಇಲಿಗಳು ತಂತಿಗಳನ್ನು ಕಡಿಯುವುವು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರವನ್ನೂ ಕಡೆಯ ಎರಡು ವರ್ಷವನ್ನೂ ತಿಳಿಸುವುವು. ಇವುಗಳ ಮೇಲೆ 2314 ಎಂದಿತ್ತು. ಎಂದರೆ 2014ನೆಯ ಇಸವಿಯ 23ನೆಯ ವಾರ. ಗೆರೆಗಳು ಹೊಸದರಂತೆ ಆಳವಾಗಿದ್ದರೂ ರಬ್ಬರು ಉಗುರಿಗೆ ಕಲ್ಲಿನಂತೆ ಹತ್ತುತ್ತಿತ್ತು. ಎಡಗಡೆಯ ಮುಂದಿನ ಟೈರು ಮಾತ್ರ ಒಳ ಅಂಚಿನಲ್ಲಿ ಬೋಳಾಗಿತ್ತು. ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆನು.

ಕಾಗದಪತ್ರಗಳ ಮಾತನ್ನು ತುಸು ವಿಸ್ತರಿಸಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಮೋಸಹೋಗುವುದು ಅಲ್ಲಿಯೇ. ವಿಮೆಯು ಚಾಲ್ತಿಯಲ್ಲಿದ್ದಿತು, ಅದಿಲ್ಲದ ಗಾಡಿಯನ್ನು ಪರೀಕ್ಷೆಗೆಂದು ಕೂಡ ಬೀದಿಗಿಳಿಸಲಾಗದು. ಆದರೆ ನೋಂದಣಿಯ ಪತ್ರದಲ್ಲಿದ್ದ ಹೆಸರು ನಮ್ಮೆದುರಿನ ಮಾಲೀಕನದಲ್ಲ, ಹೈದರಾಬಾದಿನ ಇನ್ನೊಬ್ಬರದು. ಅವರಿಂದ ಕೊಂಡು ಮೂರು ವರ್ಷಗಳಾಗಿದ್ದರೂ ಈತನು ಸಹಿ ಮಾಡಿದ ಖಾಲಿ ನಮೂನೆಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕುಳಿತಿದ್ದನು. ಕೊಂಡವನು ಮೂವತ್ತು ದಿನಗಳೊಳಗಾಗಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು 1988ರ ಮೋಟಾರು ವಾಹನಗಳ ಕಾಯಿದೆಯು ಹೇಳುತ್ತದೆ. ಹಾಗೆ ಮಾಡದಿದ್ದಾಗ ಅಪಘಾತವಾದರೆ ಪರಿಹಾರದ ಹೊಣೆಯು ದಾಖಲೆಯಲ್ಲಿ ಹೆಸರಿರುವವನ ಮೇಲೆಯೇ ಬೀಳುವುದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆದುದರಿಂದ ಗಾಡಿಯನ್ನು ಮಾರುವವರೂ ಈ ಮಾತನ್ನು ಗಂಟುಹಾಕಿಕೊಳ್ಳಬೇಕು. ಪರರಾಜ್ಯದ ಗಾಡಿಯಾದರೆ ಅಲ್ಲಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು, ಹೊಸ ಸಂಖ್ಯೆ ಪಡೆಯಬೇಕು, ಬೀದರಾದರೆ ಕೆ.ಎ. 38, ಭಾಲ್ಕಿಯಾದರೆ ಕೆ.ಎ. 39. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಇಪ್ಪತ್ತು ವರ್ಷ ಮೀರಿದ ಕಾರಿಗೆ ಆ ಶುಲ್ಕವು 2025ರ ಆಗಸ್ಟಿನಿಂದ 10,000 ರೂಪಾಯಿಯಾಗಿದೆ. 2001ರ ಈ ಗಾಡಿಗೆ ಮುಂದಿನ ವರ್ಷವೇ ಅದು ಬರತಕ್ಕದ್ದು.

ಇಷ್ಟಾದರೂ ಓಡಿಸಿ ನೋಡದೆ ಬಿಡುವಂತಿರಲಿಲ್ಲ. ಆಸನಗಳು ಎರಡೇ ಆದುದರಿಂದ ಮಾಲೀಕನು ಕೂಡಲು ಸ್ಥಳವಿಲ್ಲ. ಕಡೆಗೆ ಚಿರಂಜೀವಿಯ ಕಾರನ್ನು ತಾನು ನಡೆಯಿಸುತ್ತ ಹಿಂದಿನಿಂದ ಬರುವೆನೆಂದು ಆತನು ಒಪ್ಪಿದನು. ಒತ್ತೆಯೂ ಆಯಿತು, ಕಾವಲೂ ಆಯಿತು.

ಬೀದರು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿಂದ ಇಳಿದೊಡನೆ ಎರೆಭೂಮಿಯು ಪ್ರಾರಂಭವಾಗುವುದು. ಎರೆಯು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಅದರ ಮೇಲಿನ ಡಾಂಬರು ರಸ್ತೆಯು ಎಷ್ಟು ಸಲ ಹಾಕಿದರೂ ಅಲೆಯಲೆಯಾಗುವುದು. ಗಾಡಿಯ ಸ್ಪ್ರಿಂಗುಗಳನ್ನು ಪರೀಕ್ಷಿಸಲು ಇದಕ್ಕಿಂತ ಉತ್ತಮವಾದ ರಸ್ತೆ ಬೇಕಿಲ್ಲ. ಹಲಬರ್ಗಾದ ಮಾರ್ಗವಾಗಿ ಭಾಲ್ಕಿಗೆ ಹೋಗುವಷ್ಟರಲ್ಲಿ ನಾಲ್ಕೈದು ಹಂಪುಗಳಿಗೆ ಗಾಡಿಯ ಹೊಟ್ಟೆಯು ತಗುಲಿತು. ಕಬ್ಬು ಹೇರಿದ ಟ್ರ್ಯಾಕ್ಟರಿನ ಪಕ್ಕದಲ್ಲಿ ಹೋಗುವಾಗ ಅದರ ಗಾಲಿಯ ಗುಂಬವು ನನ್ನ ಕಿವಿಯ ಸಮಕ್ಕಿದ್ದಿತು.

ಭಾಲ್ಕಿಯಲ್ಲಿ ನನ್ನ ತಮ್ಮನ ಹೆಂಡತಿಯು ಬಾಗಿಲಲ್ಲಿ ನಿಂತು ಗಾಡಿಯ ಸುತ್ತ ಒಂದು ಸಲ ಕಣ್ಣಾಡಿಸಿದಳು. "ಚಂದ ಅದ," ಎಂದಳು. ಆಮೇಲೆ, "ಎಳ್ಳಮವಾಸ್ಯೆಗೆ ಹೊಲಕ್ಕ ಭಜ್ಜಿ ರೊಟ್ಟಿ ಬುಟ್ಟಿ ಎಲ್ಲಿಡೋದು? ಕೂಸು ಎಲ್ಲಿ ಕೂಡ್ತದ?" ಎಂದು ಕೇಳಿದಳು. ಮಗನು ಹಬ್ಬಕ್ಕೆ ಇನ್ನೊಂದು ಕಾರು ಇದೆಯಲ್ಲಾ ಎಂದನು. ಅವಳು ಮತ್ತೇನೂ ಹೇಳದೆ ಚಹಕ್ಕೆ ಇಡಲು ಒಳಗೆ ಹೋದಳು. ನಡುಮನೆಯ ಮಾಳಿಗೆಯ ಕೆಳಗೆ, ಮಳೆಗಾಲದಲ್ಲಿ ಇಟ್ಟಿದ್ದ ಹಿತ್ತಾಳೆಯ ಕೊಳಗವು ಇನ್ನೂ ಹಾಗೆಯೇ ಇದ್ದಿತು.

ಔರಾದಿನ ಕಡೆಗೆ ಹೊರಟಾಗ ಮೇಲುಹೊದಿಕೆಯನ್ನು ಮಡಿಸಿ, ನಾನೇ ನಡೆಯಿಸಲು ಕುಳಿತೆನು. ಇಲ್ಲಿ ನನ್ನ ದೋಷವೊಂದನ್ನು ಒಪ್ಪಿಕೊಳ್ಳಬೇಕು. ಮಾಂಜ್ರಾ ನದಿಯನ್ನು ದಾಟಿದ ಮೇಲೆ ರಸ್ತೆಯು ನೆಟ್ಟಗೆ ಬಿದ್ದಿತ್ತು; ಎರಡೂ ಕಡೆ ಬಿಳಿಜೋಳವೂ ಕಡಲೆಯೂ ನಿಂತಿದ್ದವು; ತೊಗರಿಯ ವಾಸನೆಯು ಗಾಳಿಯಲ್ಲಿದ್ದಿತು. ಸ್ಟಿಯರಿಂಗನ್ನು ಒಂದು ಬೆರಳಿನಷ್ಟು ತಿರುಗಿಸಿದರೆ ಗಾಡಿಯು ಅಷ್ಟೇ ತಿರುಗುತ್ತಿತ್ತು. ನಾನು ಪರೀಕ್ಷಕನೆಂಬುದನ್ನು ಸಂಪೂರ್ಣವಾಗಿ ಮರೆತೆನು. ಒಂದು ಹದಿನೈದು ನಿಮಿಷ ನನಗೆ ಇಪ್ಪತ್ತು ವರ್ಷ ವಯಸ್ಸಾಗಿತ್ತೆಂದರೆ ವಾಚಕರು ನಗಬಾರದು. ಅಷ್ಟರಲ್ಲಿ ನನ್ನ ಹೆಗಲ ಮೇಲಿನ ಶಲ್ಯವು ಹಾರಿಹೋಯಿತು. ಋತುಪರ್ಣನ ಉತ್ತರೀಯವೂ ಹೀಗೆಯೇ ಬಿದ್ದು, ನಿಲ್ಲಿಸೆಂದು ಅವನು ಹೇಳುವಷ್ಟರಲ್ಲಿ ಒಂದು ಯೋಜನ ಹಿಂದಾಗಿದ್ದಿತಂತೆ. ನನ್ನದನ್ನು ಹಿಂದಿನ ಕಾರಿನಲ್ಲಿ ಬರುತ್ತಿದ್ದ ಮಾಲೀಕನು ಎತ್ತಿಕೊಂಡು ಬಂದನು.

ಶಲ್ಯಕ್ಕಾಗಿ ನಿಲ್ಲಿಸಿದಾಗಲೇ ಎಚ್ಚರ ಬಂದಿತು. ರಸ್ತೆಯು ಬರಿದಾಗಿರುವುದನ್ನು ನೋಡಿಕೊಂಡು, ಸ್ಟಿಯರಿಂಗನ್ನು ಸಡಿಲವಾಗಿ ಹಿಡಿದು ಐವತ್ತರ ವೇಗದಿಂದ ಬ್ರೇಕು ಹಾಕಿದೆನು. ಗಾಡಿಯು ಎಡಕ್ಕೆ ಎಳೆಯಿತು. ಮತ್ತೊಮ್ಮೆ ಹಾಕಿದೆನು, ಮತ್ತೆ ಎಡಕ್ಕೆ. ಇದಕ್ಕೆ ಬ್ರೇಕು ಬಿಗಿಹಿಡಿದಿರುವುದೊಂದೇ ಕಾರಣವಾಗಿರಬಹುದು. ಅದು ಅಲ್ಪ ಖರ್ಚಿನ ಮಾತು. ಆದರೆ ನೆಟ್ಟಗೆ ಹೋಗುವಾಗಲೂ ಸ್ಟಿಯರಿಂಗು ತುಸು ವಾರೆಯಾಗಿ ನಿಲ್ಲುತ್ತಿತ್ತು. ಎಡಗಡೆಯ ಟೈರಿನ ಬೋಳು ಅಂಚು ಬೇರೆ. ಮೂರೂ ಒಂದೇ ಮೂಲೆಯನ್ನು ತೋರಿಸುತ್ತಿದ್ದವು.

ಔರಾದಿನಲ್ಲಿ ಚಿರಂಜೀವಿಗೆ ಪರಿಚಿತನಾದ ಮಿಸ್ತ್ರಿಯೊಬ್ಬನಿದ್ದನು. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಅವನು ದೀಪ ಹಿಡಿದು ಕೆಳಗಿಳಿದನು. ಬಹಳ ಹೊತ್ತು ಮಾತಿಲ್ಲ. ಬಳಿಕ ನನ್ನನ್ನೂ ಕರೆದನು. ಫೈಬರಿನ ಮೈಯ ಅಡಿಯಲ್ಲಿ ಭಾರವನ್ನು ಹೊರುವುದು ಉಕ್ಕಿನ ಚೌಕಟ್ಟು. ಅದರ ಬಲಗಡೆಯ ತೊಲೆಯು ನುಣ್ಣಗೆ ಇದ್ದಿತು. ಎಡಗಡೆಯದನ್ನು ಮುಂದಿನ ಗಾಲಿಯ ಹತ್ತಿರ ಕತ್ತರಿಸಿ, ಬೇರೊಂದು ತುಂಡನ್ನು ವೆಲ್ಡಿಂಗಿನಿಂದ ಸೇರಿಸಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ವೆಲ್ಡಿಂಗಿನ ಗಂಟುಗಳು ಬೆರಳಿಗೆ ಸಿಕ್ಕುತ್ತಿದ್ದವು. "ಮುಂದ ಜೋರ್ ಹೊಡದದ ಸರ್. ಮ್ಯಾಲ ಫೈಬರ್ ಹೊಸದು ಹಾಕ್ಯಾರ, ಗೊತ್ತಾಗಲ್ಲ," ಎಂದನು. ತಗಡಿನ ಮೈಯಾಗಿದ್ದರೆ ಬಡಿದ ಗುರುತು ಎಲ್ಲಿಯಾದರೂ ಉಳಿಯುತ್ತಿತ್ತು. ಫೈಬರನ್ನು ಹೊಸದಾಗಿ ಎರಕಹೊಯ್ದು ಬಣ್ಣ ಹಚ್ಚಿದರೆ ಮುಗಿಯಿತು. ಎಂಜಿನ್ನು, ಸ್ಟಿಯರಿಂಗು, ಗಾಡಿಯನ್ನು ಎಳೆಯುವ ಗಾಲಿಗಳು ಎಲ್ಲವೂ ಇದರಲ್ಲಿ ಮುಂದೆಯೇ ಇವೆ. ಇನ್ನೊಮ್ಮೆ ಡಿಕ್ಕಿಯಾದರೆ ಪೆಟ್ಟನ್ನು ಮೊದಲು ತಡೆಯಬೇಕಾದುದು ಆ ತುಂಡೇ.

ಸಂತಪುರ, ಕೌಠಾಗಳ ಮಾರ್ಗವಾಗಿ ನಾವು ನಲವತ್ತರ ವೇಗವನ್ನು ಮೀರದೆ ಹಿಂದಿರುಗಿದೆವು. ಚಿರಂಜೀವಿಯು ದಾರಿಯುದ್ದಕ್ಕೂ ಮಾತಾಡಲಿಲ್ಲ. ಬೀದರಿನಲ್ಲಿ ಮಾಲೀಕನಿಗೆ ಕಂಡುದನ್ನು ಹೇಳಲು ಆತನು, "ನಾ ತಗೊಂಡಾಗೇ ಹಂಗಿತ್ತು ರೀ," ಎಂದು, ಬೆಲೆಯಲ್ಲಿ ಎಪ್ಪತ್ತು ಸಾವಿರ ಇಳಿಸಿದನು. ಚಿರಂಜೀವಿಯು ನನ್ನ ಮುಖವನ್ನು ನೋಡಿದನು. ಆಸೆಯು ಇನ್ನೂ ಹೋಗಿರಲಿಲ್ಲ. ಸತ್ಯವಾಗಿ ಹೇಳಬೇಕಾದರೆ ನನ್ನದೂ ಹೋಗಿರಲಿಲ್ಲ. "ಮಗಳನ್ನ ಇದರಾಗ ಕೂಡಿಸ್ತೀಯೇನಪ್ಪಾ?" ಎಂದಷ್ಟೇ ಕೇಳಿದೆನು. ಅವನು ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟನು.

ಎಳ್ಳಮವಾಸ್ಯೆಯ ದಿನ ಐದು ಜನರೂ ಎರಡು ಬುಟ್ಟಿಗಳೂ ಒಂದು ಅಂಬಲಿಯ ಗಡಿಗೆಯೂ ಆ 'ಡಬ್ಬಿ'ಯಲ್ಲಿಯೇ ಹೊಲಕ್ಕೆ ಹೋದೆವು. ಮಾಳಿಗೆಯ ಕೆಲಸಕ್ಕೆ ಗೌಂಡಿಯು ಬಂದು ಅಳತೆ ಮಾಡಿ ಹೋಗಿರುವನು. ಹುಬ್ಬಳ್ಳಿಯಲ್ಲಿ ಇದೇ ಜಾತಿಯ ಇನ್ನೊಂದು ಗಾಡಿಯಿದೆಯೆಂದು ಚಿರಂಜೀವಿಗೆ ಸುಳಿವು ಸಿಕ್ಕಿದೆಯಂತೆ. ಹಣವು ಕೂಡಿದ ಮೇಲೆ ನೋಡಲು ಹೋಗೋಣವೆಂದು ಹೇಳಿದ್ದೇನೆ. ಈ ಸಲ ಮೊದಲು ಗುಂಡಿಯ ಮೇಲೆ ನಿಲ್ಲಿಸುವುದು, ಆಮೇಲೆ ಹೊದಿಕೆ ಮಡಿಸುವುದು. ಶಲ್ಯವನ್ನಂತೂ ಮನೆಯಲ್ಲಿಯೇ ಬಿಟ್ಟು ಹೋಗುವುದು.