ಕುಂಡದೊಳಗೊಂದು ಹಿಪ್ಪುನೇರಳೆ ಮರ

ರಾಮನಗರ, ಚನ್ನಪಟ್ಟಣಗಳ ಸೀಮೆ ರೇಷ್ಮೆಗೆ ಹೆಸರಾದುದು. ವಿರೂಪಾಕ್ಷಿಪುರದಂಥ ಊರಿನ ವಿದ್ಯಾರ್ಥಿಗೆ ಹಿಪ್ಪುನೇರಳೆಯ ತೋಟವೇನೂ ಹೊಸದಲ್ಲ. ಆದರೆ ಅಲ್ಲಿ ನಡೆಯುವ ಒಂದು ಸೋಜಿಗವನ್ನು ಎಷ್ಟು ಜನ ಗಮನಿಸಿದ್ದಾರೆ? ರೈತನು ಗಿಡಗಳನ್ನು ಬುಡದವರೆಗೆ ಸವರಿಬಿಡುತ್ತಾನೆ. ಹೊಸಬರಿಗೆ ತೋಟವೇ ಹಾಳಾಯಿತೆನಿಸಬಹುದು. ಕೆಲವೇ ವಾರಗಳಲ್ಲಿ ಆ ಮೋಟುಗಳಿಂದ ಹಲವಾರು ಚಿಗುರುಗಳು ಹೊಮ್ಮುತ್ತವೆ. ಬಿಟ್ಟರೆ ಮರವಾಗಬಲ್ಲ ಈ ಸಸ್ಯವನ್ನು ಪೊದೆಯಾಗಿ ಉಳಿಸಿರುವುದು ರೈತನ ಕತ್ತಿಯೇ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ‘ಬಾನ್ಸಾಯ್’ ಕಲೆಗೂ ಇದೇ ಗುಣ ಆಧಾರ.

ಕತ್ತರಿಸಿದರೆ ಗಿಡ ಕವಲೊಡೆಯುವುದೇಕೆ? ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದು ಮೊಗ್ಗು ನಿದ್ರಿಸುತ್ತಿರುತ್ತದೆ. ಕೊಂಬೆಯ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕವಸ್ತು ಕೆಳಕ್ಕಿಳಿದು ಅದನ್ನು ಏಳಗೊಡುವುದಿಲ್ಲ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆ ಜಾತಿಯ ಗಿಡವೊಂದರ ತುದಿಯನ್ನು ಕತ್ತರಿಸಿ, ಅಲ್ಲಿ ಆಕ್ಸಿನ್ನನ್ನು ಇಟ್ಟು ನೋಡಿದರು. ತುದಿಯಿಲ್ಲದಿದ್ದರೂ ಕೆಳಗಿನ ಮೊಗ್ಗುಗಳು ಏಳಲಿಲ್ಲ! ಬೇರಿನಿಂದ ಬರುವ ಸೈಟೊಕೈನಿನ್ ಮೊಗ್ಗನ್ನು ಎಬ್ಬಿಸುತ್ತದೆಂದೂ, ಸ್ಟ್ರೈಗೋಲ್ಯಾಕ್ಟೋನ್ ಅದನ್ನು ತಡೆಯುತ್ತದೆಂದೂ, ಎಲೆಗಳ ಸಕ್ಕರೆಗೂ ಇದರಲ್ಲಿ ಪಾಲುಂಟೆಂದೂ ಆಮೇಲೆ ತಿಳಿದುಬಂದಿತು.

ಹಾಗಾದರೆ ಪ್ರಯೋಗವನ್ನು ಹಿಪ್ಪುನೇರಳೆಯಿಂದಲೇ ಆರಂಭಿಸಬಹುದಲ್ಲವೆ? ಆಲ, ಅರಳಿ, ಅತ್ತಿಗಳ ಕುಟುಂಬಕ್ಕೇ ಸೇರಿದ ಈ ಸಸ್ಯವು ಕತ್ತರಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ತೋಟ ಸವರಿದಾಗ ಬಿದ್ದ ಕಡ್ಡಿಗಳಲ್ಲಿ ಚೆನ್ನಾಗಿ ಬಲಿತ, ಮೂರುನಾಲ್ಕು ಮೊಗ್ಗುಗಳಿರುವ ಒಂದು ಗೇಣು ತುಂಡನ್ನು ಆರಿಸಿ, ಮಳೆಗಾಲದ ಮೊದಲಲ್ಲಿ ನೆಡಿರಿ. ಒಂದು ಮೊಗ್ಗು ಮಣ್ಣಿನ ಮೇಲಿದ್ದರೆ ಸಾಕು.

ಹೊಸಬರು ತಪ್ಪುವುದು ಇಲ್ಲಿಯೇ. ಚಿಗುರಿದೊಡನೆ ಗಿಡವನ್ನು ಪುಟ್ಟ ತಟ್ಟೆಗೆ ವರ್ಗಾಯಿಸಿ ಕತ್ತರಿಸತೊಡಗುತ್ತಾರೆ. ಎಲೆಯೇ ಗಿಡದ ಅಡಿಗೆಮನೆ. ಅಲ್ಲಿ ತಯಾರಾದ ಆಹಾರದಿಂದಲೇ ಕಾಂಡ ದಪ್ಪವಾಗಬೇಕು. ಅವಸರದಲ್ಲಿ ಸವರಿದ ಗಿಡ ಬಾನ್ಸಾಯ್ ಆಗದೆ ಕಡ್ಡಿಯಾಗಿಯೇ ಉಳಿಯುತ್ತದೆ, ಇಲ್ಲವೆ ಸಾಯುತ್ತದೆ. ಆದುದರಿಂದ ಎರಡು ವರ್ಷ ಅದನ್ನು ನೆಲದಲ್ಲಿಯೋ ದೊಡ್ಡ ಕುಂಡದಲ್ಲಿಯೋ ಧಾರಾಳವಾಗಿ ಬೆಳೆಯಗೊಡಿರಿ.

ಕಾಂಡ ಸಾಕಷ್ಟು ದಪ್ಪವಾದ ಮೇಲೆ, ಬೇಕಾದ ಎತ್ತರದಲ್ಲಿ, ಒಂದು ಮೊಗ್ಗಿಗೆ ತುಸು ಮೇಲೆ ಹರಿತವಾದ ಕತ್ತರಿಯಿಂದ ಕತ್ತರಿಸಿರಿ. ಆ ಮೊಗ್ಗು ಮುಖ ಮಾಡಿದ ದಿಕ್ಕಿಗೇ ಹೊಸ ರೆಂಬೆ ಹೊರಡುವುದು. ಆದುದರಿಂದ ಹೊರಮುಖವಾದ ಮೊಗ್ಗನ್ನೇ ಉಳಿಸಿಕೊಳ್ಳಬೇಕು. ಎತ್ತರದ ಮೂರನೆಯ ಒಂದು ಭಾಗದಲ್ಲಿ ಮೊದಲ ಕೊಂಬೆ, ಅದರ ಮೇಲೆ ಎದುರುಬದಿಯಲ್ಲಿ ಎರಡನೆಯದು, ಹಿಂದುಗಡೆ ಮೂರನೆಯದು ಇರಲಿ. ನೆಟ್ಟಗೆ ಮೇಲೇರುವ, ಒಂದನ್ನೊಂದು ಅಡ್ಡಹಾಯುವ ರೆಂಬೆಗಳನ್ನು ತೆಗೆಯಿರಿ. ಉಳಿದವು ಐದಾರು ಎಲೆ ಬಿಟ್ಟಾಗ ಎರಡೆಲೆಗೆ ಚಿವುಟಿದರೆ ಕವಲು ಇಮ್ಮಡಿಸುತ್ತದೆ. ಎಲೆಗಳೂ ಬರಬರುತ್ತ ಕಿರಿದಾಗುತ್ತವೆ. ಹಣ್ಣು ಮಾತ್ರ ಅಷ್ಟಾಗಿ ಕಿರಿದಾಗದು! ಕೊಂಬೆಯನ್ನು ಬಾಗಿಸಲು ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಬಹುದು. ಅದು ತೊಗಟೆಯಲ್ಲಿ ಹೂತುಕೊಳ್ಳುವ ಮೊದಲೇ ಬಿಚ್ಚಬೇಕು. ತಟ್ಟೆಗೆ ವರ್ಗಾಯಿಸುವಾಗ ಬೇರನ್ನು ಸವರಬೇಕಾಗುತ್ತದೆ. ಅದೇ ತಿಂಗಳು ಕೊಂಬೆಗಳನ್ನೂ ವಿಪರೀತವಾಗಿ ಸವರಬೇಡಿರಿ. ಎರಡೂ ಗಾಯಗಳನ್ನು ಒಮ್ಮೆಗೇ ತಾಳುವ ಶಕ್ತಿ ಎಳೆಯ ಗಿಡಕ್ಕೆ ಇರದು.

ಇಷ್ಟು ತಾಳ್ಮೆಗೆ ಫಲವೇನು? ಹಿರೋಷಿಮಾದ ಯಾಮಾಕಿ ಮನೆತನದವರ ಬಳಿ 1625ರಿಂದ ಕುಂಡದಲ್ಲಿ ಬೆಳೆದುಬಂದ ಬಿಳಿ ಪೈನ್ ಮರವೊಂದಿತ್ತು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಅದು ಗೋಡೆಯ ಮರೆಯಲ್ಲಿದ್ದು ಉಳಿದುಕೊಂಡಿತು. 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋದ ಆ ಮರ ವಾಷಿಂಗ್ಟನ್ನಿನ ಬಾನ್ಸಾಯ್ ಸಂಗ್ರಹಾಲಯವನ್ನು ಸೇರಿತು. ತಲೆಮಾರಿನಿಂದ ತಲೆಮಾರಿಗೆ ಯಾರೋ ಒಬ್ಬರು ದಿನವೂ ನೀರೆರೆದು, ಹದವರಿತು ಕತ್ತರಿಸಿದುದರ ಫಲವದು.

ರೈತನು ಸೊಪ್ಪಿಗಾಗಿ ಸವರುತ್ತಾನೆ, ಬಾನ್ಸಾಯ್ ಬೆಳೆಸುವವನು ಆಕಾರಕ್ಕಾಗಿ. ಇಬ್ಬರಿಗೂ ಉತ್ತರ ಕೊಡುವುದು ಮಲಗಿದ್ದ ಅದೇ ಮೊಗ್ಗು. ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಆ ಮೊಗ್ಗು ಎಲ್ಲಿದೆಯೆಂದು ಒಮ್ಮೆ ಹುಡುಕಿ ನೋಡಿರಿ.