ಬೆಳಕಿನ ಬೆಲೆ

ಒಂದು ಘನ ಮೀಟರ್ ನೀರು 440 ಮೀಟರ್ ಎತ್ತರದಿಂದ ಇಳಿದರೆ ದೊರೆಯುವ ಶಕ್ತಿಯೆಷ್ಟು? ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಬಹುದು: ಸುಮಾರು 43 ಲಕ್ಷ ಜೂಲ್. ಯಂತ್ರಗಳಲ್ಲಾಗುವ ನಷ್ಟವನ್ನು ಕಳೆದರೆ ಹೆಚ್ಚುಕಡಮೆ ಒಂದು ಯೂನಿಟ್ ವಿದ್ಯುತ್ತು. ಶರಾವತಿ ವಿದ್ಯುದಾಗಾರದ ಲೆಕ್ಕವೂ ಸ್ಥೂಲವಾಗಿ ಇದೇ. ಅದರ 10 ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್.

ಈ ನೀರನ್ನು ಕೂಡಿಡಲು 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಿತು. ನಾಡಿನ ಊರುಗಳಿಗೆ ದೀಪ ಬಂದಿತು, ಕಾರ್ಖಾನೆಗಳು ನಡೆದವು. ಇತ್ತ ಸಾಗರ, ಹೊಸನಗರ ಸೀಮೆಯ ಕಣಿವೆಯಲ್ಲಿ ಗದ್ದೆ, ತೋಟ, ಮನೆಗಳು ಮುಳುಗಿದವು. ಹಿನ್ನೀರಿನಾಚೆ ಉಳಿದ ತುಮರಿ ಭಾಗದ ಜನ ಲಾಂಚನ್ನೇ ನಂಬಿ ಬಾಳಿದರು. ಅಲ್ಲಿಗೆ ಸೇತುವೆ ತೆರೆದುದು 2025ರಲ್ಲಿ. ಒಕ್ಕಲೆದ್ದವರಲ್ಲಿ ಅನೇಕರು ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ಮೀರಿ ಕಾದರು.

ಹಲವರ ಸುಖಕ್ಕಾಗಿ ಕೆಲವರು ಕಷ್ಟಪಡಲಿ ಎಂಬ ವಾದವು ಕೂಡುವ, ಕಳೆಯುವ ಲೆಕ್ಕದಂತೆ ತೋರುತ್ತದೆ. ಜೂಲುಗಳನ್ನು ಕೂಡಿಸಬಹುದು, ಒಂದಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ಮನುಷ್ಯರ ವಿಷಯ ಹಾಗಲ್ಲ. ಲಾಭ ಒಬ್ಬನದು, ನಷ್ಟ ಮತ್ತೊಬ್ಬನದು. ಒಬ್ಬನ ಮನೆಯಲ್ಲಿ ದೀಪ ಹೊತ್ತಿದ ಮಾತ್ರಕ್ಕೆ ಮತ್ತೊಬ್ಬನ ಮುಳುಗಿದ ತೋಟ ಮರಳಿ ಬಾರದು.

ಹಾಗೆಂದು ಅಣೆಕಟ್ಟೇ ಕೂಡದೆನ್ನಬೇಕೆ? ಹಾಗಲ್ಲ. ಒಟ್ಟು ಲಾಭ ನಿಜವಾಗಿಯೂ ದೊಡ್ಡದಾಗಿದ್ದರೆ, ಕಳೆದುಕೊಂಡವರಿಗೆ ಅದರ ಒಂದು ಪಾಲಿನಿಂದಲೇ ಹೊಸ ಬಾಳು ಕಟ್ಟಿಕೊಡಲು ಸಾಧ್ಯವಾಗಬೇಕು. ಹಾಗೆ ಕೊಡದೆ ಉಳಿಸಿಕೊಂಡುದು ಲಾಭವಲ್ಲ, ತೀರಿಸದ ಸಾಲ. ಸಿಮೆಂಟು, ಉಕ್ಕುಗಳ ಬೆಲೆಯಂತೆ ಈ ಬೆಲೆಯನ್ನೂ ಅಂದಾಜುಪಟ್ಟಿಯಲ್ಲಿ ಮೊದಲೇ ಬರೆಯಬೇಕು. ನೀರು ಏರುವ ಮೊದಲೇ ಸಲ್ಲಿಸಬೇಕು.